ಕಳ್ಳಿ ಹಾಲು ಹಚ್ಚಿಕೊಂಡ ದಿನ

ಕಳ್ಳಿ ಮುರಿದಾಗ ಬರುವ ಹಸಿ ವಾಸನೆ ಮೂಗಿಗೆ ತಾಗಿದರೆ ಈಗಲೂ ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಯಲ್ಲದಕೆರೆಯ ನಮ್ಮ ಮನೆಯ ಹಿಂದೆ, ಕುರಿ ಕೂಡುವ ರೊಪ್ಪದ ಸುತ್ತ ಬೇಲಿಯಾಗಿ ಬೆಳೆದಿದ್ದ ಕಳ್ಳಿ ಅದು. ನನಗಾಗ ಒಂಬತ್ತು ವರ್ಷ. ಬಲಗೈ ಮೇಲೆ ಒಂದು ನರಹುಲಿ ಎದ್ದಿತು. ಬೇಸಿಗೆ ಮುಗಿಯುವಷ್ಟರಲ್ಲಿ ಏಳಾದವು. ನಿಮ್ಮ ಮನೆಗಳಲ್ಲಿ ಇದ್ದಂತೆ ನಮ್ಮಲ್ಲೂ ವೈದ್ಯವೆಲ್ಲ ಅಜ್ಜಿಯದೇ. ಒಂದಕ್ಕೆ ಕುದುರೆಬಾಲದ ಕೂದಲು ಬಿಗಿದಳು, ಇನ್ನೊಂದಕ್ಕೆ ಬೆಳ್ಳುಳ್ಳಿ ಅರೆದು ಹಚ್ಚಿದಳು. ಯಾವುದೂ ಉದುರಲಿಲ್ಲ. ಕಳ್ಳಿ ಹಾಲು ಹಚ್ಚಿದರೆ ಬೇರುಸಹಿತ ಸುಟ್ಟುಹೋಗುತ್ತದೆ ಎಂದು ಅವಳು ಪಕ್ಕದ ಮನೆಯವಳಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಅದೇ ತಿಂಗಳು ಅವ್ವ ನನ್ನ ತಮ್ಮನನ್ನು ಹೆತ್ತಿದ್ದಳು. "ಕೂಸ್ನ ಮುಟ್ಬ್ಯಾಡ ಕಣೆ, ಅದ್ಕೂ ಅಂಟ್ಕಂತೈತೆ," ಎಂದು ಅಜ್ಜಿ ನನ್ನನ್ನು ತೊಟ್ಟಿಲಿನಿಂದ ದೂರವಿಟ್ಟಳು. ನನ್ನಿಂದ ಆಗಲಿಲ್ಲ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅದರ ಕೆನ್ನೆ ಮುಟ್ಟಿದೆ. ಕೂಸು ತಲೆ ಹೊರಳಿಸಿ ನನ್ನ ಬೆರಳನ್ನೇ ಚೀಪಿತು. ಅಂದಿನಿಂದ, ನರಹುಲಿ ಅಂಟಿತೋ ಏನೋ ಎಂದು, ದಿನಕ್ಕೆ ಹತ್ತು ಸಲ ದೂರದಿಂದ ಅದರ ಬಾಯಿ ನೋಡುತ್ತಿದ್ದೆ. ನಾಲ್ಕನೆಯ ಬೆಳಿಗ್ಗೆ ಮೇಲ್ದುಟಿಯ ನಡುವೆ ಒಂದು ಸಣ್ಣ ಗುಳ್ಳೆ ಕಂಡಿತು. ಪಾಪ ಮಾಡಿದ ಕೈಯನ್ನು ಸುಟ್ಟುಬಿಡಬೇಕೆಂದು ಬೇಲಿಗೆ ಓಡಿದೆ, ಕಳ್ಳಿ ಮುರಿದು ಏಳಕ್ಕೂ ಹಾಲು ಬಳಿದುಕೊಂಡೆ. ಉರಿಗೆ ಕಣ್ಣೀರು ಬಂತು. ಅದೇ ಕೈಯಿಂದ ಎಡಗಣ್ಣು ಉಜ್ಜಿಕೊಂಡೆ.

ಕೆಂಡ ಇಟ್ಟಂತಾಯಿತು. ಕೂಗಿಗೆ ಓಡಿಬಂದ ಅಜ್ಜಿ ಕೊಡದ ನೀರನ್ನೆಲ್ಲ ಕಣ್ಣಿಗೆ ಸುರಿದಳು. ಹಿರಿಯೂರಿನ ಆಸ್ಪತ್ರೆಯ ತನಕ ಬಸ್ಸಿನಲ್ಲಿ ಅವಳ ಕೈ ನನ್ನ ಬೆನ್ನ ಮೇಲಿಂದ ಸರಿಯಲಿಲ್ಲ.

"ನಾನೇ ಹೇಳ್ಕೊಟ್ಟಂಗಾತು ಸಾರ್. ಮಗೀಗೆ ಕಣ್ಣು ಕಾಣ್ತೈತಾ?" ಎಂದು ಡಾಕ್ಟರನ್ನು ಕೇಳಿದಳು.

ಮೂರು ದಿನ ಕಳೆಯದೆ ಹೇಳಲಾಗದು ಎಂದು ಅವರು ಪಟ್ಟಿ ಕಟ್ಟಿದರು. ನರಹುಲಿ ವೈರಸ್ಸಿನಿಂದ ಬರುತ್ತದೆ, ಮಕ್ಕಳಲ್ಲಿ ಬಹಳಷ್ಟು ತಾವಾಗಿಯೇ ಹೋಗುತ್ತವೆ, ಕೆರೆಯಬಾರದು, ಕಚ್ಚಬಾರದು, ಟವೆಲ್ ಬೇರೆ ಇಡಿ, ಆಗಾಗ ಕೈ ತೊಳೆಸಿ, ಕಳ್ಳಿಯ ಹತ್ತಿರ ಮಾತ್ರ ಹೋಗಬೇಡಿ ಎಂದು ಬಿಡಿಸಿ ಹೇಳಿದರು. ನಾನು ಅಳುತ್ತ ಕೂಸಿನ ವಿಷಯ ಒಪ್ಪಿಕೊಂಡೆ. ತುಟಿಯ ನಡುವಿನದು ಮೊಲೆ ಚೀಪಿದ ಗುಳ್ಳೆ ಇರಬೇಕು, ಹಸುಗೂಸುಗಳಿಗೆ ಬರುವಂಥದ್ದೇ ಎಂದರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಪಟ್ಟಿ ಬಿಚ್ಚಿದಾಗ ಆ ಕಣ್ಣಿಗೆ ಮೊದಲು ಬರೀ ಮಂಜು, ಆಮೇಲೆ ಅಜ್ಜಿಯ ಮೂಗುಬೊಟ್ಟು ಕಂಡಿತು. ಮನೆಗೆ ಬಂದವಳೇ ನನ್ನ ಕೈ ಸೋಪು ಹಾಕಿ ತೊಳೆಸಿ, ನರಹುಲಿಗಳಿಗೆ ಬಟ್ಟೆ ಸುತ್ತಿ, ಕೂಸನ್ನು ನನ್ನ ತೊಡೆಗೆ ಕೊಟ್ಟಳು. "ಎತ್ಕಳೆ, ನಿನ್ ತಮ್ಮ," ಎಂದಳು. ಹೆದರಿಕೆ ಅವಳಿಗಿನ್ನೂ ಹೋಗಿರಲಿಲ್ಲ. ಕೂಸಿನ ತಲೆಯ ಕೆಳಗೆ, ನನ್ನ ಕೈಯ ಕೆಳಗೆ, ಅವಳ ಕೈ ಆತುಕೊಂಡೇ ಇತ್ತು.

ದೀಪಾವಳಿಯ ಹೊತ್ತಿಗೆ ನರಹುಲಿಗಳು ಹೇಳದೆ ಹೊರಟುಹೋದವು. ಮುಂದೆ ಅಜ್ಜಿಯೂ ಹೋದಳು. ಕುರಿಗಳನ್ನು ಮಾರಿದೆವು, ಮನೆ ಬಿಚ್ಚಿ ತೊಲೆಗಳನ್ನು ಹಂಚಿಕೊಂಡೆವು. ಈಗಲೂ ಯಾರಾದರೂ ಹಸುಗೂಸನ್ನು ನನ್ನ ತೊಡೆಗೆ ಕೊಟ್ಟರೆ ಒಂದು ಗಳಿಗೆ ಅಲುಗಾಡದೆ ಕೂರುತ್ತೇನೆ, ಕೆಳಗಿನಿಂದ ಆ ಇನ್ನೊಂದು ಕೈ ಬರಲಿ ಎಂದು.