ಓಟದ ಹಿಂದಿನ ಸಂಜೆಯ ಸಾಂಬ್ರಾಣಿ

ಗುಜರಾತಿನ ಚಾಂದ್‌ಖೇಡಾದ ಕಾಲೊನಿ ರಸ್ತೆಯಲ್ಲಿ ಅಭ್ಯಾಸಕ್ಕೆ ಓಡುವಾಗ ನನ್ನನ್ನು ಹಿಂದೆ ಹಾಕುವ ಹುಡುಗಿ ಇರಲಿಲ್ಲ. ಸ್ಪರ್ಧೆಯ ದಿನ ಮಾತ್ರ ಮೊದಲ ಸುತ್ತು ಮುಗಿಯುವಷ್ಟರಲ್ಲಿ ಸಾಲುಸಾಲು ಸೀನು, ಎದೆಯೊಳಗೆ ಸುಂಯ್ ಎನ್ನುವ ಸದ್ದು. ಅಲರ್ಜಿಯ ಮೂಗು ನನ್ನದು, ಸೋರುವುದು ಮಾಮೂಲು. ಆದರೆ ಸ್ಪರ್ಧೆಯ ದಿನವೇ ಉಸಿರು ಕಟ್ಟುವುದೇಕೆ ಎಂಬುದಕ್ಕೆ ಶಾಲೆಯ ಪಿ.ಟಿ. ಮೇಷ್ಟ್ರ ಹತ್ತಿರ ಒಂದೇ ಉತ್ತರವಿತ್ತು.

"ಯೇ ಸಬ್ ಮನ್ ಕಾ ಡರ್ ಹೈ, ಬೇಟಾ. ಪಾಸಿಟಿವ್ ಸೋಚೋ."

ಎಲ್ಲ ಮನಸ್ಸಿನ ಹೆದರಿಕೆಯಂತೆ, ಪಾಸಿಟಿವ್ ಆಗಿ ಯೋಚಿಸಬೇಕಂತೆ. ಯೋಚಿಸಿದೆ. ಕನ್ನಡಿಯ ಮುಂದೆ ಹಲ್ಲು ಕಿರಿದು 'ಗೆಲ್ಲುತ್ತೇನೆ' ಅಂದುಕೊಂಡೆ. ಹಾಳಾದ ಪಾಸಿಟಿವ್! ಸೋತಾಗಲೆಲ್ಲ ಮನಸ್ಸಿಗೇ ಉಗಿದುಕೊಂಡೆ. ಕಾಲು ಗಟ್ಟಿಯಿದೆ, ಮನಸ್ಸೇ ಕೊಳೆತಿದೆ ಎಂದು ಹದಿನೈದರ ವಯಸ್ಸಿಗೇ ನಂಬಿದವಳಿಗೆ ಬೆಳಗಾಗುವುದೇ ಬೇಡವೆನಿಸುತ್ತದೆ. ನನಗೆ ಹಾಗೆಯೇ ಅನಿಸುತ್ತಿತ್ತು.

ಅಪ್ಪನಿಗೆ ತೈಲ ಕಂಪನಿಯ ಆಫೀಸಿಗೆ ವರ್ಗವಾಗಿ ನಾವು ಹಾಸನದಿಂದ ಬಂದಿದ್ದೆವು. ಅಮ್ಮನಿಗೆ ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಊರಲ್ಲಿ ಹತ್ತು ಮನೆಗೆ ಬೇಕಾಗಿದ್ದವಳು ಇಲ್ಲಿ ತರಕಾರಿಯವನ ಮುಂದೆ ಬೆರಳು ತೋರಿಸಿ ನಿಲ್ಲುತ್ತಿದ್ದಳು. ನನ್ನ ಓಟಕ್ಕಾಗಿ ಅವಳು ಮಾಡಬಲ್ಲದ್ದು ಒಂದೇ. ಸ್ಪರ್ಧೆಯ ಹಿಂದಿನ ಸಂಜೆ ತಲೆಗೆ ಬಿಸಿನೀರೆರೆದು, ಚಳಿಯೆಂದು ಕಿಟಕಿ ಮುಚ್ಚಿ, ತೆಂಗಿನ ಚಿಪ್ಪಿನ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮೇಲೆ ಬುಟ್ಟಿ ಕವುಚಿ, ನನ್ನ ಕೂದಲನ್ನು ಅದರ ಮೇಲೆ ಹರಡುತ್ತಿದ್ದಳು.

"ನೆಗಡಿ ಎಲ್ಲಾ ಕಿತ್ಕೊಂಡು ಹೋಗತ್ತೆ ನೋಡ್ತಿರು. ನಾಳೆ ಕುದುರೆ ಥರ ಓಡ್ತೀಯ."

ಇಡೀ ದಿನದಲ್ಲಿ ಅವಳ ದನಿ ಹಗುರಾಗುತ್ತಿದ್ದದ್ದು ಆಗ ಮಾತ್ರ.

ರಾಜ್ಯ ತಂಡದ ಆಯ್ಕೆ ವಡೋದರಾದಲ್ಲಿತ್ತು. ಹಿಂದಿನ ಸಂಜೆ ಸಾಂಬ್ರಾಣಿಯಾಯಿತು, ಬೆಳಗಿನ ರೈಲಿಗೆ ಅಮ್ಮನೂ ಬಂದಳು. ಎರಡನೇ ಸುತ್ತಿನಲ್ಲಿ ನಾನು ಟ್ರ್ಯಾಕಿನ ಮೇಲೆಯೇ ಕುಸಿದು ಕೂತೆ. ಮೇಷ್ಟ್ರು ಮುಖ ತಿರುಗಿಸಿದರು. ಶಾಲು ಹಿಡಿದು ಓಡಿ ಬಂದವಳು ಅಮ್ಮ. ಇನ್ನೊಂದು ಅವಕಾಶ ಮುಂದಿನ ವರ್ಷಕ್ಕೆ ಉಳಿದಿತ್ತು.

ಅಪ್ಪ ಕೆಲಸದ ಮೇಲೆ ಹೊರಗೆ ಹೋಗಿದ್ದರಿಂದ ನವರಂಗಪುರದ ಡಾಕ್ಟರ ಹತ್ತಿರ ನನ್ನನ್ನು ಅಮ್ಮನೇ ಕರೆದುಕೊಂಡು ಹೋದಳು, ಮಾತಾಡಿದವಳು ನಾನು. ಸ್ಪರ್ಧೆಯ ಹಿಂದಿನ ದಿನ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಡಾಕ್ಟರು ಗುಜರಾತಿಯಲ್ಲಿ ಕೇಳಿದರು. ತಲೆಸ್ನಾನ, ಆಮೇಲೆ ಲೋಬಾನ್ ಹೊಗೆ ಎಂದೆ. ಸಾಂಬ್ರಾಣಿಗೆ ಅಲ್ಲಿಯ ಹೆಸರು ಅದು, ಅಮ್ಮನಿಗೆ ತಿಳಿಯದು. ಡಾಕ್ಟರು ಪೆನ್ನು ಕೆಳಗಿಟ್ಟರು. ನಿನ್ನ ಮನಸ್ಸಿಗೆ ಏನೂ ಆಗಿಲ್ಲ ಮಗು, ಆ ಹೊಗೆ ನಿಲ್ಲಿಸಿ ಬಾಯಿಗೆ ಹಿಡಿದು ಉಸಿರೆಳೆಯುವ ಈ ಪಂಪ್ ತೆಗೆದುಕೊಂಡರೆ ಮತ್ತೆ ಓಡುತ್ತೀಯ ಎಂದರು. ನನಗೆ ಅಳು ಬಂತು.

ಅಮ್ಮ ಹೆದರಿ ನನ್ನ ತೋಳು ಹಿಡಿದಳು. "ಏನಂತೆ? ನನ್ನಿಂದ ಏನಾದ್ರೂ ಆಯ್ತಾ, ಕೇಳೇ. ಆಗಿದ್ರೆ ಆಗಿದೆ ಅಂತ ಹೇಳ್ಲಿ."

ಬಾಯಿ ತೆರೆದೆ. ಅವಳ ಮುಖ ನೋಡಿದೆ.

"ಧೂಳಂತಮ್ಮ. ಬರೀ ಧೂಳು."

"ಅಷ್ಟೇ ತಾನೇ!" ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಅಪ್ಪನಿಗೂ ಅದನ್ನೇ ಹೇಳಿದೆ. ಅಮ್ಮ ಪರದೆ ಒಗೆದಳು, ಹಾಸಿಗೆ ಕೊಡವಿದಳು, ದಿನಕ್ಕೆರಡು ಸಲ ನೆಲ ಒರೆಸಿದಳು. ಇಷ್ಟು ಸಾಲದೆಂದು, ಮನೆಯ ಗಾಳಿ ಶುದ್ಧವಾಗಲಿ ಎಂದು, ಪ್ರತಿ ಸಂಜೆ ಸಾಂಬ್ರಾಣಿ ಹಾಕತೊಡಗಿದಳು. ಕೂದಲು ಬಿಸಿಲಲ್ಲಿ ಒಣಗಿಸುತ್ತೇನೆಂದರೆ, "ಈ ಚಳೀಲಾ? ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಗದರಿದಳು. ಇವತ್ತು ಹೇಳಿಬಿಡೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ತಡವಾದಷ್ಟೂ ಹೇಳುವುದು ಕಷ್ಟವಾಯಿತು, ಅಷ್ಟು ದಿನ ಮುಚ್ಚಿಟ್ಟದ್ದನ್ನೂ ಸೇರಿಸಿ ಹೇಳಬೇಕಿತ್ತಲ್ಲ. ಪಂಪ್ ಒಂದು ಗಳಿಗೆಯ ಉಸಿರು ಕೊಡುತ್ತಿತ್ತು, ಅಷ್ಟೆ.

ಮುಂದಿನ ಚಳಿಗಾಲಕ್ಕೆ ಅಭ್ಯಾಸದಲ್ಲೂ ಓಡಲಾಗಲಿಲ್ಲ. ಇನ್ನು ಬರುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿದೆ. ನಿನ್ನಷ್ಟು ನೆಗೆಟಿವ್ ಹುಡುಗಿಯನ್ನು ನೋಡಿಲ್ಲ ಎಂದರು. ಅವರ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು, ಸುಮ್ಮನೆ ಮನೆಗೆ ಬಂದೆ.

ಓಟ ಬಿಟ್ಟೆ ಎಂದು ಅಮ್ಮನಿಗೂ ಹೇಳಿದೆ. ನೀರೆರೆದಳು, ಕಿಟಕಿ ಮುಚ್ಚಿದಳು, ನನ್ನ ತಲೆಯನ್ನು ಮಡಿಲಿಗೆಳೆದುಕೊಂಡು ಹೊಗೆಯಲ್ಲಿ ಎಳೆ ಎಳೆಯಾಗಿ ಕೂದಲು ಬಿಡಿಸಿದಳು.

"ಈಗ ಎದೆ ಹಗುರಾಯ್ತಾ, ಪುಟ್ಟಿ?"

"ಹೂಂ," ಎಂದೆ.