ಕುಲಗೋಡದ ಪಟ್ಟಿಯಲ್ಲಿ ನನ್ನ ಹೆಸರು

ಕುಲಗೋಡಕ್ಕೆ ಬಂದ ಮೂರನೆಯ ದಿನ ಏಳೆಂಟು ಹೆಂಗಸರು ನನ್ನನ್ನು ನೋಡಲೆಂದೇ ಬಂದು ಕೂತರು. ಯಾವ ಊರು ಎಂದು ಕೇಳಿದರು. ಗಂಡ ತೀರಿಕೊಂಡು ಎಷ್ಟು ವರ್ಷವಾಯಿತು, ಮಕ್ಕಳೇಕೆ ಆಗಲಿಲ್ಲ, ಮೈಸೂರು ಸೀಮೆಯವರು ರೊಟ್ಟಿಯಿಲ್ಲದೆ ಹೇಗೆ ಜೀವ ಹಿಡಿದಿದ್ದಾರೆ, ಎಲ್ಲವನ್ನೂ ಕೇಳಿದರು. ಹೆಸರನ್ನು ಮಾತ್ರ ಕೇಳಲಿಲ್ಲ. ತಡೆಯಲಾರದೆ ನಾನೇ "ನನ್ನ ಹೆಸರು ರಾಜಮ್ಮ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆರಗಿನೊಳಗೆ ನಕ್ಕರು.

"ಹೆಸರ ತಗೊಂಡ ಏನ ಮಾಡೂದೈತ್ರಿ?" ಎಂದರು ನೀಲವ್ವ. ಊರಗೌಡರ ಹೆಂಡತಿ, ಅವರ ಮನೆಯ ಹೊರಗಿನ ಕೋಣೆಯಲ್ಲೇ ನನಗೆ ಬಿಡಾರ. "ನೀವು ಸಾಲಿ ಅಕ್ಕೋರ ಅದೀರಿ. ಅಷ್ಟ ಸಾಕ."

ಅಕ್ಕೋರು ಎಂದರೆ ಇಲ್ಲಿ ಉಪಾಧ್ಯಾಯಿನಿ. ಅಂದಿನಿಂದ ತಿಂಗಳುಗಟ್ಟಲೆ ನನ್ನ ಹೆಸರು ಯಾರ ಬಾಯಿಂದಲೂ ನನ್ನ ಕಿವಿಗೆ ಬೀಳಲಿಲ್ಲ. ಈಗ ಅದು ಒಂದಲ್ಲ, ಎರಡು ಊರಿನ ಮತದಾರರ ಪಟ್ಟಿಯಲ್ಲಿ ಕೂತಿದೆ. ಒಂದು ಇಲ್ಲಿನ ಪಟ್ಟಿ, ಇನ್ನೊಂದು ನಮ್ಮ ತಿಪಟೂರಿನದು. ಉಳಿಯಬೇಕಾದದ್ದು ಒಂದರಲ್ಲಿ ಮಾತ್ರ. ಯಾವುದರಲ್ಲಿ ಎಂದು ತೀರ್ಮಾನಿಸಿದ ಮೇಲೆಯೇ ನಮ್ಮೂರಿನವರಾದ ನಿಮಗೆ ಇದನ್ನು ಬರೆಯಲು ಕೂತಿದ್ದೇನೆ.

ತಿಪಟೂರಿನಲ್ಲಿ ರೈಲು ಹತ್ತಿ, ಹುಬ್ಬಳ್ಳಿ ದಾಟಿ, ಬೆಳಗಾವಿ ದಾಟಿ, ಗೋಕಾಕ ರೋಡ್ ಎಂಬ ಸ್ಟೇಷನ್ನಿನಲ್ಲಿ ಇಳಿದಾಗ ಗಣೇಶನ ಚೌತಿಗೆ ಇನ್ನೂ ಒಂದು ವಾರವಿತ್ತು. ಸ್ವಾತಂತ್ರ್ಯ ಬಂದು ಒಂದು ತಿಂಗಳೂ ತುಂಬಿರಲಿಲ್ಲ. ಅಲ್ಲಿಂದ ಮೂಡಲಗಿಗೆ ಬಸ್ಸು, ಮೂಡಲಗಿಯಿಂದ ಚಕ್ಕಡಿ, ಅಂದರೆ ನಮ್ಮ ಎತ್ತಿನ ಗಾಡಿ. ಪಾಠ ಹೇಳಲು ಕನ್ನಡದ ಊರಿಗೇ ಹೋಗುತ್ತಿದ್ದೇನೆ, ಕಷ್ಟವೇನು ಎಂದುಕೊಂಡು ಹೊರಟವಳು ನಾನು. ಗೋಕಾಕದ ಮಾಮಲೇದಾರರ ಕಚೇರಿಯ ಮುಂದೆ ನಿಂತಾಗ ಆ ಜಂಬ ಇಳಿಯಿತು. ನಮ್ಮ ಅಮಲ್ದಾರರ ಕಚೇರಿಯಲ್ಲಿ ಅರ್ಜಿ ಕನ್ನಡ, ಜವಾಬು ಕನ್ನಡ. ಬೊಂಬಾಯಿ ಇಲಾಖೆಗೆ ಸೇರಿದ ಇಲ್ಲಿ ಬೋರ್ಡು ಮರಾಠಿ, ಫಾರಮು ಮರಾಠಿ, ಗುಮಾಸ್ತರ ಗದರಿಕೆಯೂ ಅರ್ಧ ಮರಾಠಿ. ಕನ್ನಡ ಓದು ಬಲ್ಲ ನಾನು ಕನ್ನಡದ ನೆಲದಲ್ಲಿ ಇನ್ನೊಬ್ಬರಿಂದ ಓದಿಸಿಕೊಂಡು ರುಜು ಹಾಕಿದೆ. ಅವತ್ತು ಸಿಟ್ಟಿನಲ್ಲಿ ಊಟ ಸೇರಲಿಲ್ಲ.

ಊಟದ ವಿಷಯ ಹೇಳಿಯೇ ಬಿಡುತ್ತೇನೆ. ಅಣ್ಣ ಕಟ್ಟಿಕೊಟ್ಟ ರಾಗಿಹಿಟ್ಟು ಎರಡು ತಿಂಗಳಲ್ಲಿ ಮುಗಿಯಿತು. ನಾನು ಮುದ್ದೆ ನುಂಗುವುದನ್ನು ನೋಡಿ ನೀಲವ್ವ ಹೆದರಿದ್ದರು. ಅಗಿಯದೆ ತಿಂದರೆ ಹೊಟ್ಟೆಯಲ್ಲಿ ಕಲ್ಲಾಗುತ್ತದಂತೆ. ಹಿಟ್ಟು ಮುಗಿದ ಮೇಲೆ ಜೋಳದ ರೊಟ್ಟಿ ಬಡಿಯಲು ಕಲಿತೆ. ಮೊದಲ ರೊಟ್ಟಿಗಳು ಯಾವ ದೇಶದ ನಕ್ಷೆಯನ್ನೂ ಹೋಲುತ್ತಿರಲಿಲ್ಲ. ಒಂದು ದಿನ ನೀಲವ್ವ ತುದಿ ಮುರಿದು ಬಾಯಿಗಿಟ್ಟುಕೊಂಡು "ತಿನ್ನಾಕ ಬರತೈತಿ" ಎಂದರು. ಆ ಒಂದು ಮಾತಿಗೆ ಹಿಗ್ಗಿದಷ್ಟು ನಾನು ಪರೀಕ್ಷೆ ಪಾಸಾದಾಗಲೂ ಹಿಗ್ಗಿರಲಿಲ್ಲ. ಆದರೆ ಸಂಜೆ ದನ ಮನೆಗೆ ಬರುವ ಹೊತ್ತಿಗೆ ಎದೆ ಖಾಲಿಯಾಗುತ್ತಿತ್ತು. ಎಲ್ಲರ ಮನೆಯಲ್ಲೂ ಯಾರೋ ಯಾರನ್ನೋ ಕೂಗುತ್ತಿದ್ದರು. ನನ್ನನ್ನು ಕೂಗುವವರು ಇರಲಿಲ್ಲ.

ಪಟ್ಟಿಯ ಕೆಲಸ ಬಂದದ್ದು ಮರುವರ್ಷ. ದಿಲ್ಲಿಯಲ್ಲಿ ದೇಶದ ಸಂವಿಧಾನದ ಕರಡು ಸಿದ್ಧವಾಗಿತ್ತು. ಇಲ್ಲಿನವರು ಅದನ್ನು ರಾಜ್ಯಘಟನೆ ಎನ್ನುತ್ತಾರೆ. ಚರ್ಚೆ ಮುಗಿಯುವ ಮೊದಲೇ ಇಪ್ಪತ್ತೊಂದು ತುಂಬಿದ ಎಲ್ಲರ ಹೆಸರೂ ಬರೆದಿಡಬೇಕೆಂದು ಹುಕುಂ ಬಂತು. ತಲಾಟಿ ಗುರಪ್ಪನವರು ಶಾಲೆಗೆ ಬಂದರು. ತಲಾಟಿ ಎಂದರೆ ನಮ್ಮ ಶಾನುಭೋಗರು.

"ಗಂಡಸರದು ನಾ ಬರೀತೇನ್ರಿ. ಹೆಣ್ಣಮಕ್ಕಳದು ನನ್ನ ಕೈಲೆ ಆಗೂದಿಲ್ಲ. ಬಾಗಲದಾಗ ನಿಂತ ಹೆಸರ ಕೇಳಿದರ ಕದಾ ಹಾಕ್ಕೋತಾರ" ಎಂದರು.

ನಾನು ಒಪ್ಪಿಕೊಂಡೆ. ಆದರೆ ಯಾಕೆ ಬರೆಯುತ್ತಿದ್ದೇವೆ ಎಂದು ತಿಳಿಸದೆ ಬರೆಯುವುದಿಲ್ಲ ಎಂದು ಹಠ ಹಿಡಿದೆ. ಹೆಡ್‌ಮಾಸ್ತರರು ತರಿಸುವ ಪತ್ರಿಕೆಯಲ್ಲಿ ಕರಡಿನ ಸಾರಾಂಶ ಬಂದಿತ್ತು. ಅದನ್ನು ಹಿಡಿದು ಗೌಡರ ಮನೆಯ ಬಂಕದಲ್ಲಿ, ಅಂದರೆ ಮುಂದಿನ ಪಡಸಾಲೆಯ ಕಟ್ಟೆಯ ಮೇಲೆ, ನಾಲ್ಕು ಮಧ್ಯಾಹ್ನ ಪಾಠ ಹೇಳಿದೆ. ಕಾಯದೆ ಮಾಡುವವರು ಒಬ್ಬರು, ನಡೆಸುವವರು ಒಬ್ಬರು, ತಪ್ಪಿದವರಿಗೆ ನ್ಯಾಯ ಹೇಳುವವರು ಇನ್ನೊಬ್ಬರು, ಮೂವರೂ ಒಬ್ಬರ ಕೆಲಸದಲ್ಲಿ ಒಬ್ಬರು ಕೈ ಹಾಕಬಾರದು ಎಂದೆ.

"ನಮ್ಮನಿಯಾಗ ಮೂರೂ ನಮ್ಮ ಅತ್ತಿನ ಇದ್ದರ್ರಿ" ಎಂದರು ನೀಲವ್ವ.

ಕಟ್ಟೆಯೆಲ್ಲ ನಕ್ಕಿತು. ನಗಲಿ ಎಂದು ಬಿಟ್ಟೆ. ಅಧಿಕಾರ ಒಂದೇ ಕೈಯಲ್ಲಿ ಇದ್ದರೆ ಏನಾಗುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಮೈಸೂರಿನವಳಾದ ನನಗೇ ಅದನ್ನು ಒಪ್ಪುವುದು ಕಷ್ಟವಾಗಿತ್ತು. ನಮ್ಮ ಮಹಾರಾಜರು ಒಳ್ಳೆಯವರು, ಕೆರೆ ಕಟ್ಟಿಸಿದರು, ಶಾಲೆ ತೆರೆದರು ಎಂದು ಹೇಳಿಕೊಂಡು ಬೆಳೆದವರು ನಾವು. ದೊರೆ ಒಳ್ಳೆಯವನಾದರೆ ಅದು ನಮ್ಮ ಪುಣ್ಯ. ಈ ಹೊಸ ಬರಹ ಪುಣ್ಯವನ್ನು ನಂಬಿಲ್ಲ. ಮತ, ಜಾತಿ, ಗಂಡು, ಹೆಣ್ಣು ಎಂದು ಭೇದ ಮಾಡುವಂತಿಲ್ಲ, ಅಸ್ಪೃಶ್ಯತೆ ಇನ್ನಿಲ್ಲ, ಬೊಂಬಾಯಿಯವರೂ ಮೈಸೂರಿನವರೂ ಒಂದೇ ದೇಶದ ಪ್ರಜೆಗಳು. ಇವನ್ನೆಲ್ಲ ಅದು ಕೊಡುವುದು ದಯೆಯಿಂದಲ್ಲ, ಹಕ್ಕೆಂದು.

ನಾಲ್ಕನೆಯ ಮಧ್ಯಾಹ್ನ ಯಲ್ಲವ್ವ ಬಾಯಿ ತೆರೆದಳು. ಗೌಡರ ಹೊಲದಲ್ಲಿ ಕಬ್ಬು ಕಡಿಯುವವಳು. ಕಟ್ಟೆಯ ಮೇಲಲ್ಲ, ಕೆಳಗೆ ಅಂಗಳದಲ್ಲಿ, ನಾಲ್ಕು ಮಾರು ದೂರದಲ್ಲಿ ಕೂತಿರುತ್ತಿದ್ದಳು.

"ಗೌಡ್ತೇರಿಗಿ ಎಷ್ಟ ಮತಾ ರೀ ಅಕ್ಕೋರ?"

"ಒಂದು."

"ನನಗ?"

"ಒಂದು."

"ಕಡಿಮಿ ಇಲ್ಲ?"

"ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ. ದಿಲ್ಲಿಯಲ್ಲಿ ಕೂತವರಿಗೂ ಒಂದೇ."

ಅಸ್ಪೃಶ್ಯತೆ ಇನ್ನಿಲ್ಲ ಎಂದು ಓದಿದ ನಾನು ಅವಳನ್ನು ಕಟ್ಟೆಯ ಮೇಲೆ ಕರೆಯಲಿಲ್ಲ. ಮನೆ ನನ್ನದಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮರುದಿನದಿಂದ ಮನೆಮನೆ ತಿರುಗಿದೆ. "ಸಂಗಪ್ಪನ ಹೆಂಡತಿ", "ಇಮಾಮಸಾಬನ ತಾಯಿ" ಎಂದು ಬರೆದರೆ ನಡೆಯುವುದಿಲ್ಲ, ಅವರವರ ಹೆಸರೇ ಬೇಕೆಂದು ಹಠ ಮಾಡಿದೆ. ಆಗ ಒಂದು ಹೊಸ ತೊಡಕು ಎದುರಾಯಿತು. ಇಲ್ಲಿ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಗಂಡನ ಮನೆಯವರು ಹುಡುಗಿಗೆ ಹೊಸ ಹೆಸರಿಡುತ್ತಾರೆ.

"ಯಾವ ಹೆಸರ ಬರೀತೀರಿ? ಹುಟ್ಟಿದ ಮನಿದೋ, ಕೊಟ್ಟ ಮನಿದೋ?" ಎಂದು ನೀಲವ್ವ ಕೇಳಿದರು.

"ನಿಮ್ಮದು ಯಾವುದೋ ಅದು" ಎಂದೆ.

ಅವರು ಒಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ, "ಗಂಗವ್ವ" ಎಂದರು. ಮೂವತ್ತು ವರ್ಷದಿಂದ ಈ ಊರಿನಲ್ಲಿ ಆ ಹೆಸರಿನಿಂದ ಅವರನ್ನು ಯಾರೂ ಕರೆದಿರಲಿಲ್ಲ. ನಾನು ಸಂತೋಷದಿಂದ ಬರೆದುಕೊಂಡೆ. ಸುದ್ದಿ ಬಾವಿಕಟ್ಟೆಗೆ ಮುಟ್ಟಿರಬೇಕು. ಆಮೇಲೆ ಹೋದ ಮನೆಗಳಲ್ಲೆಲ್ಲ ತವರಿನ ಹೆಸರೇ ಬಂತು. ಹೇಳುವಾಗ ಅವರ ಮುಖಗಳು ಹತ್ತು ವರ್ಷ ಚಿಕ್ಕವಾಗುತ್ತಿದ್ದವು. ನಾನು ದೊಡ್ಡದೇನೋ ಸಾಧಿಸಿದೆನೆಂದು ಬೀಗಿದೆ.

ಪಟ್ಟಿಯನ್ನು ಚಾವಡಿಯಲ್ಲಿ ಎಲ್ಲರ ಮುಂದೆ ಓದಿ, ತಕರಾರು ಇದ್ದರೆ ಕೇಳಬೇಕಿತ್ತು. ಗುರಪ್ಪನವರು ಗಂಡಸರ ಹೆಸರುಗಳನ್ನು ಓದುವವರೆಗೆ ಎಲ್ಲ ಸುಸೂತ್ರ. ನನ್ನ ಹಾಳೆಗಳು ಬಂದವು. ಗಂಗವ್ವ ಎಂದರು, ಯಾರಿಗೂ ಗೊತ್ತಿಲ್ಲ. ಪಾರವ್ವ ಎಂದರು, ಇಲ್ಲ. ಸೋನವ್ವ, ಫಾತಿಮಾಬಿ, ಚನ್ನವ್ವ; ಗಂಡಸರು ತಲೆ ಕೆರೆದುಕೊಂಡರು. ಗೌಡರೇ ಎದ್ದು ನಿಂತರು.

"ತಲಾಟ್ಯಾರ, ಇದು ನಮ್ಮೂರ ಪಟ್ಟಿ ಹೌದೋ ಅಲ್ಲೋ? ಇವರ್ಯಾರೂ ನಮ್ಮೂರಾಗ ಇಲ್ರಿ. ಹೊಡದ ಹಾಕ್ರಿ."

ಫಾರಮಿನಲ್ಲಿ ಗಂಡನ ಹೆಸರಿಗೂ ಒಂದು ಸಾಲಿತ್ತು. ಹೆಂಗಸರು ಗಂಡನ ಹೆಸರು ಹೇಳುವುದಿಲ್ಲವೆಂದು ಅದನ್ನು ಗುರಪ್ಪನವರು ಆಮೇಲೆ ತುಂಬಲಿ ಎಂದು ಖಾಲಿ ಬಿಟ್ಟಿದ್ದೆ. ಆ ಖಾಲಿ ಸಾಲುಗಳ ಎದುರು, ಬರೀ ನನ್ನ ಬಾಯಿಮಾತಿನಿಂದ, ಯಾರ ಮನೆಯವರೆಂದು ಸಾಬೀತು ಮಾಡುವುದು ಹೇಗೆ? ಗುರಪ್ಪನವರು ಕೆಂಪು ಪೆನ್ಸಿಲು ಎತ್ತಿಕೊಂಡರು. ಒಂದು ಗೆರೆ ಎಳೆದರೆ ಕುಲಗೋಡದ ಹೆಂಗಸರು ಒಬ್ಬರೂ ದೇಶದ ಲೆಕ್ಕಕ್ಕೆ ಬರುತ್ತಿರಲಿಲ್ಲ, ಅದೂ ನನ್ನ ಜಾಣತನದಿಂದ.

"ನಾಳೆಯವರೆಗೆ ತಾಳಿ. ಅವರನ್ನೇ ಕರೆತರುತ್ತೇನೆ" ಎಂದೆ.

"ಚಾವಡಿಗೆ? ಹೆಣ್ಣಮಕ್ಕಳನ್ನ?" ಎಂದರು ಗೌಡರು. ಸಿಟ್ಟಿಗಿಂತ ಅವರಿಗೆ ಆಶ್ಚರ್ಯವೇ ಹೆಚ್ಚಾಗಿತ್ತು.

ಬರುತ್ತಾರೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಮರುದಿನ ಮೊದಲು ಬಂದವರು ನೀಲವ್ವ. ಸೆರಗು ಹಣೆಯವರೆಗೆ ಎಳೆದುಕೊಂಡು ಚಾವಡಿಯ ಮೆಟ್ಟಿಲ ಬಳಿ ನಿಂತರು. ಹಿಂದೆ ಬೀದಿ ತುಂಬ ಹೆಂಗಸರು.

"ಗಂಗವ್ವ" ಎಂದು ಗುರಪ್ಪನವರು ಓದಿದರು.

"ನಾನರಿ."

ಗೌಡರು ಹೆಂಡತಿಯ ಕಡೆ ತಿರುಗಿದರು. ಆ ಹೆಸರು ಅವರಿಗೆ ಮರೆತೇ ಹೋಗಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಯಾರ ಮನಿಯವರು? ಯಜಮಾನರ ಹೆಸರ ಹೇಳ್ರಿ" ಎಂದು ಗುರಪ್ಪನವರು ಬೇಕೆಂದೇ ಕೇಳಿದರು.

ಇಲ್ಲಿ ಗಂಡನ ಹೆಸರು ಹೇಳಲು ಒಂದು ದಾರಿಯಿದೆ. ಮದುವೆ, ಸೀಮಂತಗಳಲ್ಲಿ ಹೆಂಗಸರು ಅದನ್ನು ಪ್ರಾಸ ಕಟ್ಟಿ ಹಾಡಿನಂತೆ ಹೇಳುತ್ತಾರೆ. ಅದಕ್ಕೆ ಒಡಪು ಎಂದು ಹೆಸರು. ಸರಕಾರಿ ಕೆಲಸದಲ್ಲಿ ಅದನ್ನು ಹೇಳಿದವರು ಇದ್ದಾರೋ ಕಾಣೆ. ನೀಲವ್ವ ತಲೆಯೆತ್ತಿ ಹೇಳಿದರು:

"ಬಂಕದ ಕಟ್ಟಿ ಮ್ಯಾಲ ಕುಂತ ಬಿಸಲ ಕಾಸತಾರ,
ಸುಂಕ ಕೇಳದ ನನ್ನ ತವರಿಗಿ ಕಳಸತಾರ ರುದ್ರಗೌಡರು."

ಚಾವಡಿ ನಕ್ಕು ಹಗುರವಾಯಿತು. ಗೌಡರೂ ನಕ್ಕರು, ನಗದೆ ಏನು ಮಾಡಿಯಾರು. ಅಲ್ಲಿಂದ ಮಧ್ಯಾಹ್ನದವರೆಗೆ ಒಡಪಿನ ಮೇಲೆ ಒಡಪು. ಫಾತಿಮಾಬಿ ಉರ್ದುವಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದಳು. ಗುರಪ್ಪನವರು ತವರಿನ ಹೆಸರಿನ ಪಕ್ಕ ಊರಿಗೆ ಗೊತ್ತಿದ್ದ ಹೆಸರನ್ನೂ ಸೇರಿಸಿ ಬರೆದರು. ಯಲ್ಲವ್ವ ಮೆಟ್ಟಿಲು ಹತ್ತುವ ಮುನ್ನ ನಿಂತಳು. ಈ ಸಲ ನಾನು "ಮೇಲೆ ಬಾ" ಎಂದೆ. ಗೌಡರು ಮುಖ ತಿರುಗಿಸಿದರು, ಬೇಡವೆನ್ನಲಿಲ್ಲ. ಅವಳು ಹತ್ತಿದಳು. ಗಂಡ ಬಿಟ್ಟುಹೋದವಳು, ಒಡಪು ಹೇಳಲಿಲ್ಲ. ಅಪ್ಪನ ಹೆಸರು ಹೇಳಿ ಇಳಿದುಹೋದಳು.

ಕೊನೆಗೆ ಗುರಪ್ಪನವರು ನನ್ನ ಹೆಸರನ್ನೂ ಬರೆದರು. ಪಟ್ಟಿಗೆ ಬೇಕಿದ್ದ ಆರು ತಿಂಗಳ ವಾಸ ತುಂಬಿತ್ತು. ಗಂಡನ ಹೆಸರು ಕೇಳಿದಾಗ ನಾಲಗೆ ಏಳಲಿಲ್ಲ. ಊರಿನವರಿಂದೆಲ್ಲ ಹೇಳಿಸಿದವಳು ಹಾಳೆ ಎಳೆದುಕೊಂಡು ನನ್ನ ಕೈಯಿಂದಲೇ ಬರೆದೆ.

ಅದೇ ವಾರ ಅಣ್ಣನ ಕಾಗದ ಬಂತು. ತಿಪಟೂರಿನ ಪಟ್ಟಿಯಲ್ಲೂ ನನ್ನ ಹೆಸರು ಸೇರಿಸಿದ್ದಾನೆ. "ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಜಾಗ ಖಾಲಿಯಾಗಿದೆ. ಎಷ್ಟು ದಿನ ಅಲ್ಲಿರುತ್ತೀಯೆ ರಾಜು, ಮನೆಗೆ ಬಾ" ಎಂದು ಬರೆದಿದ್ದಾನೆ. ರಾಜು ಎಂಬ ಆ ಎರಡಕ್ಷರ ಓದಿ ಅತ್ತೆ. ಗುರಪ್ಪನವರಿಗೆ ಹೇಳಿದರೆ, "ಎರಡೂ ಕಡೆ ಇರಲಿ ಬಿಡ್ರಿ. ಅದು ಮೈಸೂರ ಸೀಮಿ, ಇದು ಬೊಂಬಾಯಿ ಇಲಾಖಾ. ಯಾರ ಹೊಂದಿಸಿ ನೋಡತಾರ?" ಎಂದರು. ಹದಿನೈದು ದಿನ ಹಾಗೆಯೇ ಬಿಟ್ಟೆ. ನಿಜ ಹೇಳಬೇಕೆಂದರೆ, ಎರಡು ಊರಿನವಳಾಗಿರುವುದು ಹಿತವಾಗಿತ್ತು.

ಒಂದು ಮುಂಜಾನೆ ಶಾಲೆಯ ಬಾಗಿಲಲ್ಲಿ ಯಲ್ಲವ್ವ ನಿಂತಿದ್ದಳು. ಕೈಯಲ್ಲಿ ಕಬ್ಬಿನ ಜಲ್ಲೆ, ನನಗೆಂದು ತಂದದ್ದು.

"ನಿಮ್ಮೂರಾಗೂ ನಿಮ್ಮ ಹೆಸರ ಐತಂತ. ಖರೆ ಏನ್ರಿ?"

"ಖರೆ" ಎಂದೆ. ನಿಜ ಎನ್ನಲು ಈಗ ನನಗೂ ಆ ಮಾತೇ ಬರುತ್ತದೆ.

"ಹಂಗಾದರ ನಿಮಗ ಎರಡ ಮತಾ ಆದವಲ್ರಿ?"

ಅವಳು ವ್ಯಂಗ್ಯ ಮಾಡಲಿಲ್ಲ. ಲೆಕ್ಕ ತಿಳಿಯಲಿಲ್ಲವೆಂದು ಕೇಳಿದಳು, ಅಷ್ಟೆ. ನಾನು ತಪ್ಪು ಹೇಳಿಕೊಟ್ಟೆನೋ, ತಾನು ತಪ್ಪು ತಿಳಿದೆನೋ ಎಂದು ನನ್ನ ಮುಖ ನೋಡುತ್ತ ನಿಂತಳು. "ಇಲ್ಲ ಯಲ್ಲವ್ವ, ಒಂದೇ" ಎಂದೆ. "ಯಾವೂರಾಗ?" ಎಂದಳು. "ಇಲ್ಲಿ" ಎಂದು ಬಾಯಿಂದ ಬಂದ ಮೇಲೆಯೇ ನಾನು ಏನು ಹೇಳಿದೆನೆಂದು ನನಗೆ ತಿಳಿದದ್ದು.

ಊರಿನವರೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ಬೇಸಿಗೆಯ ರಜೆಗೆ ಬರುತ್ತೇನೆ, ಬಂದಾಗೆಲ್ಲ ಕಲ್ಪತರುವಿನ ನೆರಳಿನಂಥ ನಮ್ಮ ತೆಂಗಿನ ತೋಟ ಬಿಟ್ಟು ಹೊರಡಲು ಅಳುತ್ತೇನೆ. ಅದನ್ನು ಯಾವ ರಾಜ್ಯಘಟನೆಯೂ ತಪ್ಪಿಸಲಾರದು. ಆದರೆ ತಿಪಟೂರಿನ ಪಟ್ಟಿಯನ್ನು ಓದುವ ದಿನ ನನ್ನ ಹೆಸರು ಬಂದಾಗ ನಿಮ್ಮಲ್ಲಿ ಯಾರಾದರೂ ಎದ್ದು, ಅವಳು ಈ ಊರಿನಲ್ಲಿಲ್ಲ, ಹೊಡೆದುಹಾಕಿ ಎಂದು ಹೇಳಿ. ಅಣ್ಣನಿಗೂ ಬರೆದಿದ್ದೇನೆ. ಅವನು ಅಲ್ಲೇ ಕೂತಿರುತ್ತಾನೆ, ಅವನ ಬಾಯಿಂದ ಆ ಮಾತು ಬರುವುದಿಲ್ಲ.