ದಾರಿ ಕಾಣದ ಎಡಗನ್ನಡಿ

ನಮ್ಮ ಮನೆಯ ಮೋಟಾರ್‌ಸೈಕಲ್ಲಿಗೆ ಎರಡು ಕನ್ನಡಿಗಳಿವೆ. ಬಲಗಡೆಯದು ತನ್ನ ಕೆಲಸವನ್ನು ತಾನು ಮರ್ಯಾದೆಯಿಂದ ಮಾಡಿಕೊಂಡು ಹೋಗುತ್ತದೆ. ಹಿಂದಿನಿಂದ ಹಾರ್ನು ಹೊಡೆಯುತ್ತ ಬರುವ ಲಾರಿಯನ್ನೂ, ಕಬ್ಬು ಹೇರಿಕೊಂಡು ಓಲಾಡುತ್ತ ಬರುವ ಟ್ರ್ಯಾಕ್ಟರನ್ನೂ ಇದ್ದದ್ದು ಇದ್ದಂತೆ ತೋರಿಸುತ್ತದೆ. ಎಡಗಡೆಯದು ಮಾತ್ರ ಕುತ್ತಿಗೆ ಉಳುಕಿದವರ ಹಾಗೆ ಕೆಳಕ್ಕೂ ಒಳಕ್ಕೂ ಹೊರಳಿಕೊಂಡಿದ್ದು, ಅದರಲ್ಲಿ ರಸ್ತೆಯೂ ಇಲ್ಲ, ವಾಹನವೂ ಇಲ್ಲ. ಅದನ್ನು ನಾನು ಎಷ್ಟು ಸಲ ನೆಟ್ಟಗೆ ಮಾಡಿದ್ದೇನೋ ಅಷ್ಟೂ ಸಲ ಮರುದಿನದೊಳಗೆ ಅದು ತನ್ನ ಹಳೆಯ ಸೊಟ್ಟತನಕ್ಕೆ ಮರಳಿದೆ. ನಟ್ಟು ಸಡಿಲವಾಗಿರಬೇಕು ಎಂದುಕೊಂಡೆ. ಇಚಲಕರಂಜಿಯ ಅರ್ಧದಷ್ಟು ಮಗ್ಗಗಳ ನಟ್ಟು ಬಿಗಿಮಾಡಿ ಬರುವ ಮನುಷ್ಯನಿಗೆ ತನ್ನ ಗಾಡಿಯದೊಂದು ನಟ್ಟು ಬಿಗಿಮಾಡಲು ಪುರುಸೊತ್ತಿಲ್ಲವೆಂದರೆ, ಹೆಂಡತಿಯಾದವಳಿಗೆ ಸಿಟ್ಟು ಬರಬೇಕೋ ಬೇಡವೋ, ನೀವೇ ಹೇಳಿ.

ಆ ಮನುಷ್ಯ ನನ್ನ ಯಜಮಾನರು, ಅಪ್ಪಾಸಾಹೇಬರು. ಇಚಲಕರಂಜಿಗೆ ಅಂಟಿಕೊಂಡ ಶಹಾಪುರದ ಮಗ್ಗದ ಶೆಡ್ಡುಗಳಲ್ಲಿ ಎಲ್ಲಿ ಸದ್ದು ನಿಂತರೂ ಅವರಿಗೆ ಕರೆ ಬರುತ್ತದೆ. ಹಗಲೆಲ್ಲ ಆ ಖಟಖಟದ ನಡುವೆ ನಿಂತು ಮಾತು ವ್ಯರ್ಥವೆಂದು ಕಂಡುಕೊಂಡಿರುವುದರಿಂದಲೋ ಏನೋ, ಮನೆಯಲ್ಲಿಯೂ ಅವರು ಮಾತನ್ನು ಎಣ್ಣೆಯ ಹಾಗೆ ಹನಿಹನಿಯಾಗಿ, ತೀರ ಅಗತ್ಯವಿದ್ದ ಕಡೆಗಷ್ಟೇ ಬಿಡುತ್ತಾರೆ. ನಾನು ಮನೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ದಿಂಬಿನ ಚೀಲ, ಲಂಗ, ಕೈಚೀಲ ಹೊಲಿಯುತ್ತೇನೆ. ರವಿವಾರ ಅವನ್ನೆಲ್ಲ ಗಂಟು ಕಟ್ಟಿ ಗಡಹಿಂಗ್ಲಜದ ಸಂತೆಗೆ ಒಯ್ದು ಮಾರುತ್ತೇನೆ. ಗಂಟು ಮುಂದೆ ಪೆಟ್ರೋಲ್ ಟಾಕಿಯ ಮೇಲೆ, ನಡುವೆ ಅವರು, ಹಿಂದೆ ಎಡಗಡೆಗೆ ಎರಡೂ ಕಾಲು ಇಳಿಬಿಟ್ಟು ನಾನು. ವಾರವೆಲ್ಲ ನಾಲ್ಕು ಗೋಡೆಯೊಳಗೆ ಸೂಜಿಯ ಜೊತೆ ಓಡುವವಳಿಗೆ ಈ ರವಿವಾರ ಎಂಬುದು ಬರಿಯ ವ್ಯಾಪಾರವಲ್ಲ. ಸಂತೆಯಲ್ಲಿ ನನ್ನದೇ ಒಂದು ಜಾಗವಿದೆ, ನನ್ನ ಹೆಸರು ಹಿಡಿದು ಕರೆಯುವ ಗಿರಾಕಿಗಳಿದ್ದಾರೆ, ಜಗ್ಗಾಡಿ ಬೆಲೆ ಕಡಿಮೆ ಮಾಡಿಸಿಕೊಂಡು ಮುಂದಿನ ವಾರ ಮತ್ತೆ ನನ್ನನ್ನೇ ಹುಡುಕಿ ಬರುವ ಹೆಂಗಸರಿದ್ದಾರೆ. ಆ ಒಂದು ದಿನ ತಪ್ಪಿದರೆ ನನಗೆ ಇಡೀ ವಾರ ಉಪ್ಪಿಲ್ಲದ ಊಟ.

ಆ ದಿನವನ್ನೇ ಈ ಗಾಡಿ ತಿನ್ನತೊಡಗಿತ್ತು. ಮಗಳು ಹೆಜ್ಜೆ ಇಡುವುದಕ್ಕಿಂತ ಮೊದಲು ಬಂದ ಗಾಡಿ ಇದು. ಮಗಳು ಲಗ್ನವಾಗಿ ಹೋಗಿ ತನ್ನ ಸಂಸಾರ ಮಾಡುತ್ತಿದ್ದಾಳೆ, ಇದು ಮಾತ್ರ ನಮ್ಮ ಅಂಗಳ ಬಿಟ್ಟು ಕದಲುತ್ತಿಲ್ಲ. ಕದಲಬೇಕಾದ ಹೊತ್ತಿಗೂ ಕದಲದು ಎಂಬುದೇ ತಕರಾರು. ಮುಂಜಾನೆ ಒದ್ದರೆ ಕೆಮ್ಮುತ್ತದೆ, ಏರಿನಲ್ಲಿ ನಿಟ್ಟುಸಿರು ಬಿಡುತ್ತದೆ, ಸಂತೆಯ ದಾರಿಯ ಕಾಗಲದ ಹತ್ತಿರ ಬಂದಿತೆಂದರೆ ತವರುಮನೆ ಕಂಡಂತೆ ನಿಂತೇಬಿಡುತ್ತದೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಸಂತೆ ಮುಗಿಸಿ, ಬೆಳಕಿರುವಾಗಲೇ ಮನೆ ಸೇರಿ, ಒಂದು ತುತ್ತು ಉಂಡರೆ ಉಂಡೆವು, ಇಲ್ಲವಾದರೆ ಮರುದಿನ ಸೂರ್ಯ ಬರುವವರೆಗೆ ಇಲ್ಲ. ಕಬ್ಬಿನ ಗದ್ದೆಯ ಅಂಚಿನಲ್ಲಿ ಈ ಗಾಡಿ ಮೊಂಡು ಹಿಡಿದು ನಿಂತಾಗಲೆಲ್ಲ, ಪಶ್ಚಿಮದಲ್ಲಿ ಸೂರ್ಯ ಒಂದೊಂದೇ ಬೆರಳು ಇಳಿಯುವುದನ್ನು ಹಸಿದ ಹೊಟ್ಟೆಯಿಂದ ನೋಡುತ್ತ ನಿಂತ ನನಗೆ, ತೀರ್ಥಂಕರರೆಲ್ಲ ಮೆಚ್ಚುವಷ್ಟು ಉಪವಾಸದ ಪುಣ್ಯ ಬಂದಿರಬೇಕು. ಆದರೆ ಉಪವಾಸದುದ್ದಕ್ಕೂ ಮನಸ್ಸಿನಲ್ಲಿ ಆಡಿದ ಬೈಗುಳ ಲೆಕ್ಕಕ್ಕೆ ಹಿಡಿದರೆ ಆ ಪುಣ್ಯ ಉಳಿದಿರಲಾರದು. ಕಡೆಗೆ ನಾನೇ ಜಾಣಳಾಗಿ ರವಿವಾರ ಚಪಾತಿ, ಶೇಂಗಾ ಚಟ್ನಿಯ ಡಬ್ಬಿಯನ್ನು ಜೊತೆಗೆ ಒಯ್ಯತೊಡಗಿದೆ. ಗಾಡಿ ಕೆಡುತ್ತದೆಂದು ಅಡಿಗೆ ಮಾಡಿಕೊಂಡು ಹೊರಡುವ ಸಂಸಾರ ಇನ್ನೆಲ್ಲಾದರೂ ಇದ್ದರೆ ನನಗೆ ತಿಳಿಸಿ, ಸಮಾಧಾನವಾದೀತು.

ಮಾರಿಬಿಡಿ, ಹೊಸದು ತನ್ನಿ ಎಂದು ಹೇಳಿ ಹೇಳಿ ನನ್ನ ನಾಲಗೆ ಸವೆಯಿತು. ಪ್ರತಿ ಸಲವೂ ಉತ್ತರ ಒಂದೇ: "ಆವರೇಜ್ ಚಲೋ ಐತಿ, ಇರಲಿ ಬಿಡು." ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂಬುದೇ ಆವರೇಜ್. ನಿಂತ ಗಾಡಿಗೆ ಎಂಥ ಆವರೇಜು ಎಂದು ಕೇಳಿದರೆ ಆ ಮನುಷ್ಯ ಮೀಸೆಯಂಚಿನಲ್ಲಿ ನಗುತ್ತಿದ್ದರು. ಒಮ್ಮೊಮ್ಮೆ, ಹೊಸ ಗಾಡಿಗಳಿಗೆ ಹಿಮ್ಮಡಿಯಿಂದ ಒತ್ತುವ ಗೇರು ಇರುವುದಿಲ್ಲ, ಕಾಲ್ಬೆರಳಿನಿಂದ ಎತ್ತಿ ಎತ್ತಿ ಕೊಲ್ಹಾಪುರಿ ಚಪ್ಪಲಿಯ ಮೂಗು ಹರಿಯುತ್ತದೆ ಎಂದೂ ಹೇಳುತ್ತಿದ್ದರು. ಚಪ್ಪಲಿಯ ಮೂಗಿನ ಮೇಲೆ ಇರುವ ಕರುಣೆ ಹೆಂಡತಿಯ ಹೊಟ್ಟೆಯ ಮೇಲೆ ಇಲ್ಲವಲ್ಲ ಎಂದು ನಾನು ಉರಿದುಹೋಗುತ್ತಿದ್ದೆ.

ಇಷ್ಟು ಬೈದುಕೊಂಡರೂ ಒಂದು ಮಾತು ಒಪ್ಪಬೇಕು: ಆ ಹಿಂದಿನ ಸೀಟು ನನಗೆ ಈ ಸೀಮೆಯನ್ನು ಕಲಿಸಿದೆ. ಅಡ್ಡಡ್ಡ ಕೂತು ಹೋಗುವವಳಿಗೆ ದಾರಿ ಎಂಬುದು ಎರಡು ಹೋಳು. ಹೋಗುವಾಗ ಒಂದು ಮಗ್ಗುಲು ಮಾತ್ರ ಕಾಣುತ್ತದೆ, ಬರುವಾಗ ಇನ್ನೊಂದು. ಕಾಗಲ ದಾಟಿ ಹೆದ್ದಾರಿ ಹಿಡಿದರೆ ತುಸು ಹೊತ್ತಿಗೆ ನಿಪ್ಪಾಣಿಯ ಬೋರ್ಡುಗಳು ಕನ್ನಡವಾಗುತ್ತವೆ, ಮತ್ತೆ ತುಸು ಹೊತ್ತಿಗೆ ಮರಾಠಿಯಾಗುತ್ತವೆ; ರಾಜ್ಯಗಳು ಬದಲಾಗುವುದನ್ನು ನಾನು ಕಿರಾಣಿ ಅಂಗಡಿಯ ಫಲಕಗಳಲ್ಲಿ ಓದಿಕೊಂಡಿದ್ದೇನೆ. ಯಾವ ಮನೆಯ ಮುಂದಿನ ಎಮ್ಮೆ ಕರು ಹಾಕಿತು, ಯಾವ ಗೋಡೆಗೆ ಹೊಸ ಬಣ್ಣ ಬಂತು ಎಂಬುದೆಲ್ಲ ನನಗೆ ಗೊತ್ತು. ಮುಂದೆ ನೋಡುತ್ತ ಗಾಡಿ ಹೊಡೆಯುವವರಿಗೆ ಇದೊಂದೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ತಗ್ಗು ಎಲ್ಲಿದೆ ಎಂಬುದಷ್ಟೇ. ಅವರು ತಗ್ಗು ತಪ್ಪಿಸಲಿ, ನಾನು ಊರು ನೋಡುತ್ತೇನೆ ಎಂಬ ಈ ಒಪ್ಪಂದ ನಮ್ಮಿಬ್ಬರಲ್ಲಿ ಮಾತಿಲ್ಲದೆ ನಡೆದುಬಂದಿತ್ತು. ಹಿಂದೆ ಕೂತವಳನ್ನು ಮುಂದಿನವರು ನೋಡುವುದೇ ಇಲ್ಲ, ಗಂಟು ಮುಂದೊಂದು ಹಿಂದೊಂದು ಎಂದು ತಿಳಿದಿರುತ್ತಾರೆ ಎಂಬುದು ಮಾತ್ರ ನನ್ನ ಒಳಗಿನ ಕೊರಗು.

ಈ ಬೇಸಿಗೆಯಲ್ಲಿ ನನ್ನ ಪಕ್ಷಕ್ಕೆ ಬಲ ಬಂತು. ನನ್ನ ತಮ್ಮ ಮಹಾವೀರ ಗೋಕುಳ ಶಿರಗಾಂವದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾನೆ; ಬೇರೆಯವರಿಗೆ ಹೊಸ ಗಾಡಿ ಕೊಡಿಸುವುದೆಂದರೆ ಅವನಿಗೆ ಅನ್ನನೀರು ಬೇಡ. ಮನೆಗೆ ಬಂದವನೇ ಅಂಗಳದಲ್ಲಿ ನಿಂತು, "ಅಕ್ಕಾ, ಇದನ್ನ ಇನ್ನ ಎಷ್ಟ ದಿನಾ ಜ್ವಾಕಿ ಮಾಡ್ತೀರಿ? ಕೊಲ್ಹಾಪುರದಾಗ ಎಕ್ಸ್‌ಚೇಂಜ್ ನಡದೈತಿ. ಹಳೇದು ಕೊಟ್ಟು ಹೊಸಾದು ಹತ್ಕೊಂಡ ಬರೂದು, ಅಷ್ಟ," ಎಂದ. ಯಜಮಾನರು ಆವರೇಜಿನ ಮಾತು ತೆಗೆಯುವ ಮೊದಲೇ ನಾನು ಸೀರೆ ಬದಲಿಸಿ ಡಬ್ಬಿ ಕಟ್ಟಿಕೊಂಡು ಹೊರಗೆ ಬಂದು ನಿಂತುಬಿಟ್ಟೆ. ನಮ್ಮ ಗಾಡಿಗೆ ಅದು ಕೊನೆಯ ಪ್ರಯಾಣವೆಂದೇ ನಾನು ತಿಳಿದಿದ್ದೆ.

ಶೋರೂಮು ಎಂಬ ಆ ಗಾಜಿನ ಅರಮನೆಯಲ್ಲಿ ಒಬ್ಬ ಹುಡುಗ ನಮ್ಮ ಹಳೆಯ ಗಾಡಿಯನ್ನು ಸುತ್ತುಹಾಕಿ, ಕಿವಿಗೊಟ್ಟು, ಒರೆಸಿ, ಹೋಗುವಾಗ ಆ ಎಡಗನ್ನಡಿಯನ್ನು ಕೂಡ ನೆಟ್ಟಗೆ ಮಾಡಿ ಹೋದ. ಕಡೆಗೂ ಒಬ್ಬ ಬುದ್ಧಿವಂತ ಸಿಕ್ಕ ಎಂದುಕೊಂಡೆ. ಹೊಸ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿ ಎಂದು ಹೊರಗೆ ತಂದು ನಿಲ್ಲಿಸಿದರು. ಚೆಂದವಾಗಿತ್ತು, ಸುಳ್ಳು ಹೇಳಬಾರದು. ಮುಂಭಾಗ ತಗ್ಗಿಸಿ, ಹಿಂಭಾಗ ಎತ್ತಿಕೊಂಡು, ಜಗಳಕ್ಕೆ ನಿಂತ ಟಗರಿನ ಹಾಗಿತ್ತು. ಎತ್ತಿಕೊಂಡ ಆ ಹಿಂಭಾಗದ ತುದಿಯಲ್ಲಿ ಅಂಗೈಯಗಲದ ಒಂದು ಸೀಟು. ಅದೇ ನನ್ನದು.

ಹತ್ತಲು ಹೋದೆ. ಹಳೆಯ ಗಾಡಿಯ ಎಡಮಗ್ಗುಲಿಗೆ ಅಡ್ಡ ಕೂತವರು ಎರಡೂ ಪಾದ ಊರಲೆಂದು ಒಂದು ಕಬ್ಬಿಣದ ಮೆಟ್ಟಿಲಿದೆ, ನನ್ನ ಚಪ್ಪಲಿ ತಾಗಿ ತಾಗಿ ಬೆಳ್ಳಿಯಂತೆ ಹೊಳೆಯುತ್ತದೆ. ಇದರಲ್ಲಿ ಅಂಥದೊಂದು ಇಲ್ಲ. ಗಾಲಿಗೆ ಹೆಸರಿಗೊಂದು ಜಾಲರಿ. ನನ್ನ ಮೊಣಕಾಲು ಒಂದು ಸಲ ಒಲ್ಲೆ ಅಂತು, ಎರಡನೆಯ ಸಲ ಅಯ್ಯೋ ಅಂತು. ಆ ಹುಡುಗ ನಗುನಗುತ್ತ, "ಮಾವಶಿ, ದೋನ್ಹೀಕಡೆ ಪಾಯ್ ಟಾಕೂನ್ ಬಸಾ," ಎಂದ. ಎರಡೂ ಕಡೆ ಕಾಲು ಹಾಕಿ ಕೂಡಬೇಕಂತೆ, ಸೀರೆ ಉಟ್ಟವಳು, ನಡುರಸ್ತೆಯಲ್ಲಿ! ನಾಲ್ಕು ಜನ ನೋಡುತ್ತಿದ್ದರು. ತಮ್ಮನ ಭುಜ ಹಿಡಿದು ಹೇಗೋ ಮೇಲೆ ಹತ್ತಿ ಅಡ್ಡಡ್ಡ ಕೂತೆ. ಕಾಲಿಗೆ ಆಸರೆಯಿಲ್ಲ, ಕೈಗೆ ಹಿಡಿಯಿಲ್ಲ, ಅಟ್ಟದಿಂದ ಇಳಿಬಿಟ್ಟ ಚೀಲದ ಹಾಗೆ ನನ್ನ ಪಾದಗಳು ಗಾಳಿಯಲ್ಲಿ ತೂಗಾಡಿದವು.

ಮುಂದೆ ಕೂತಿದ್ದ ಯಜಮಾನರು ಗಾಡಿ ಚಾಲೂ ಮಾಡಲಿಲ್ಲ. ಕೈ ಚಾಚಿ ಆ ಹೊಚ್ಚಹೊಸ ಎಡಗನ್ನಡಿಯನ್ನು ಹಿಡಿದು ಕೆಳಕ್ಕೆ, ಒಳಕ್ಕೆ ತಿರುಚತೊಡಗಿದರು. ಹುಡುಗ ಗಾಬರಿಯಾದ. ಮಹಾವೀರ, "ಮಾಮಾ, ಅದನ್ಯಾಕ ಕೆಡಸ್ತೀರಿ? ಹಿಂದಿನ ರೋಡ್ ಕಾಣೂದುಲ್ಲ," ಎಂದ.

"ರೋಡ್ ನೋಡಾಕ ಬಲಗಡಿದು ಐತಲ್ಲೋ," ಎಂದರು ಅವರು, ಮಗ್ಗದ ಯಾವುದೋ ಬಿಡಿಭಾಗದ ವಿಷಯ ಹೇಳುವವರಂತೆ. "ಇದು ನಿಮ್ಮಕ್ಕನ ಕಾಲು ನೋಡಾಕ. ಸೆರಗು ಗಾಲ್ಯಾಗ ಸಿಕ್ಕೀತು."

ನಾನು ಆ ಎತ್ತರದ ಮೇಲೆ ಕೂತಲ್ಲಿಯೇ ಇದನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡು ನನಗೆ ಕಣ್ಣು ತುಂಬಿ ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. ನೆಟ್ಟಗೆ ಮಾಡಿದ್ದನ್ನು ಮರುದಿನ ಸೊಟ್ಟ ಮಾಡುತ್ತಿದ್ದ ಕೈ ಯಾವುದೆಂದು ಈಗ ತಿಳಿಯಿತು. ಇಷ್ಟು ವರ್ಷ, ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಬಾಯೇನು ಸವೆಯುತ್ತಿತ್ತೇ? ನಾನು ನಟ್ಟನ್ನು ಶಪಿಸಿದೆ, ಗಾಡಿಯನ್ನು ಶಪಿಸಿದೆ. ಈ ಮನುಷ್ಯ ಆವರೇಜು ಎಂದುಕೊಂಡು ಮೀಸೆಯಲ್ಲಿ ನಗುತ್ತ ಇದ್ದುಬಿಟ್ಟರು.

ಹೊಸ ಕನ್ನಡಿ ಅರ್ಧಕ್ಕೆ ಬಂದು ನಿಂತಿತು, ಮುಂದೆ ತಿರುಗಲಿಲ್ಲ. ಮಹಾವೀರ ಕೂಡಲೇ ಪರಿಹಾರ ಹುಡುಕಿದ: "ಮಾಮಾ ಒಬ್ರ ಮಾಲ್ ಒಯ್ದ ಮಾರ್ಕೊಂಡ ಬರ್ತಾರ ತಗೋ ಅಕ್ಕಾ. ಸಾಕಾತು ದಗದ, ರವಿವಾರ ನೀ ಮನ್ಯಾಗ ಆರಾಮ ಕೂಡು." ಆರಾಮ ಎಂಬ ಪದವನ್ನು ನೀವು ಗಮನಿಸಿದ್ದೀರಾ? ಹೆಂಗಸನ್ನು ಎಲ್ಲಿಂದಾದರೂ ಏಳಿಸಬೇಕಾದಾಗ ಬಳಸುವ ಮೆತ್ತನೆಯ ಪದ ಅದು. ಸಂತೆಯ ನನ್ನ ಜಾಗ, ನನ್ನ ಗಿರಾಕಿಗಳು, ನಿಪ್ಪಾಣಿಯ ಫಲಕಗಳು, ದಾರಿಯ ಎರಡು ಹೋಳು, ಎಲ್ಲವನ್ನೂ ನನ್ನ ಒಡಹುಟ್ಟಿದವನು ಒಂದು ಆರಾಮಿನಲ್ಲಿ ಸುತ್ತಿ ಮೂಲೆಗೆ ಇಟ್ಟ. ಇವನನ್ನು ಪಕ್ಷಕ್ಕೆ ಕರೆದವಳು ನಾನೇ ಎಂಬುದು ಉರಿಯುವ ಹೊಟ್ಟೆಗೆ ಇನ್ನಷ್ಟು ಖಾರ.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಕೀಲಿಯನ್ನು ಆ ಹುಡುಗನ ಕೈಗಿಟ್ಟರು. "ಬ್ಯಾಡೋ ಮಹಾವೀರಾ." ಯಾಕೆ ಎಂದು ಅವನು ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, "ಆವರೇಜ್ ಕಮ್ಮಿ ಐತಿ," ಎಂದರು.

ತಮ್ಮ ಮುನಿಸಿಕೊಂಡು ಶಿರಗಾಂವದ ಕಡೆ ಹೋದ. ನಾವು ಅದೇ ಹಳೆಯ ಗಾಡಿಯ ಮೇಲೆ ಮನೆಯ ದಾರಿ ಹಿಡಿದೆವು, ಮತ್ತು ನೀವು ಊಹಿಸಿದಂತೆಯೇ, ಊರು ಇನ್ನೂ ದೂರವಿರುವಾಗ, ಎರಡೂ ಕಡೆ ಕಬ್ಬು ನಿಂತ ಜಾಗದಲ್ಲಿ ಅದು ಕೆಮ್ಮಿ ನಿಂತಿತು. ಪಶ್ಚಿಮದಲ್ಲಿ ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ. ಅವರು ಇಂಜಿನ್ನಿನ ಕಡೆ ಬಾಗುವುದರೊಳಗೆ ನಾನು ಡಬ್ಬಿ ಬಿಚ್ಚಿದೆ.

"ಮೊದಲ ಉಣ್ರಿ. ಹೊತ್ತು ಮುಣಗತೈತಿ."

ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತು ಉಂಡೆವು. ಮುಂದಿನ ರವಿವಾರದೊಳಗೆ ಈ ಗಾಡಿಯ ಇಂಜಿನ್ ಬಿಚ್ಚಿ ನೆಟ್ಟಗೆ ಮಾಡದಿದ್ದರೆ ನಾನು ಬಸ್ಸು ಹತ್ತಿ ಸಂತೆಗೆ ಹೋಗುತ್ತೇನೆ, ನಿಮ್ಮ ಕನ್ನಡಿಯಲ್ಲಿ ನೀವೇ ಮುಖ ನೋಡಿಕೊಂಡು ಬನ್ನಿ ಎಂದು ಹೇಳಿದೆ. ಊರಿನ ಮಗ್ಗಗಳಿಗೆಲ್ಲ ವೈದ್ಯನಾದವನು ಮನೆಯ ರೋಗಿಯನ್ನು ನೋಡದಿದ್ದರೆ ಹೇಗೆ ಎಂದೂ ಹೇಳಿದೆ. ಇನ್ನೂ ಬಹಳ ಹೇಳಿದೆ. ಮನಸ್ಸಿನಲ್ಲಿದ್ದುದನ್ನು ಮಾತ್ರ ನನಗೂ ಹೇಳಲಾಗಲಿಲ್ಲ. ಅವರು ಚಪಾತಿ ಅಗಿಯುತ್ತ ಹ್ಞೂಂ ಅಂದರು. ಕಡೆಯ ತುತ್ತಿಗೆ ಸರಿಯಾಗಿ ಸೂರ್ಯ ಕಬ್ಬಿನ ಗರಿಗಳ ಹಿಂದೆ ಜಾರಿದ.

ಏನು ಬಿಗಿದರೋ, ಏನು ಬಡಿದರೋ, ನಾಲ್ಕಾರು ಒದೆತಕ್ಕೆ ಗಾಡಿ ಗುಡುಗುಟ್ಟಿತು. ಹತ್ತಲೆಂದು ಎಡಮಗ್ಗುಲಿಗೆ ಬಂದಾಗ ನೋಡಿದೆ: ಶೋರೂಮಿನ ಹುಡುಗ ನೆಟ್ಟಗೆ ಮಾಡಿದ ಕನ್ನಡಿ, ತಮ್ಮನ ಮುನಿಸಿನ ಗಡಿಬಿಡಿಯಲ್ಲಿ ಇಬ್ಬರಿಗೂ ಮರೆತುಹೋಗಿ, ಹಾಗೆಯೇ ಇತ್ತು, ತುಂಬ ಸಭ್ಯವಾಗಿ, ಖಾಲಿ ರಸ್ತೆಯನ್ನು ತೋರಿಸುತ್ತ. ಅವರ ಕೈ ಅದರ ಕಡೆ ಹೊರಟಿತ್ತು. ಅದಕ್ಕಿಂತ ಮೊದಲು ನಾನೇ ಹಿಡಿದು ಅದನ್ನು ಕೆಳಕ್ಕೆ, ಒಳಕ್ಕೆ ತಿರುವಿದೆ. ಮೆಟ್ಟಿಲ ಮೇಲೆ ಎರಡೂ ಪಾದ ಊರಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೇಕೆಂದೇ ಗಡಸು ದನಿಯಲ್ಲಿ ಕೇಳಿದೆ: "ಕಾಣಸ್ತೈತೇನ್ರಿ?"

ಅವರು ಕನ್ನಡಿಯೊಳಗೆ ಒಮ್ಮೆ ಇಣುಕಿದರು.

"ಇನ್ನ ಒಂದೀಟ ಕೆಳಗ."